ಪುಣೆಯಿಂದ ಕಾವೇರಿಗೆ ಹೋದ ಮೀನು

ಹೋದ ವರ್ಷ ದೀಪಾವಳಿ ಕಳೆದ ಮೇಲೆ ದೊಡ್ಡಪ್ಪ ಊರಿಂದ ಬಂದು ಹದಿನೈದು ದಿನ ಹಡಪಸರದಲ್ಲಿ ನಮ್ಮ ಜೊತೆ ಇದ್ದರು. ಮಗರಪಟ್ಟಾದ ಗಾಜಿನ ಕಟ್ಟಡ, ಅಮನೋರಾದ ಮಾಲು ಎಲ್ಲ ಒಂದೇ ದಿನದಲ್ಲಿ ನೋಡಿ ಮುಗಿಸಿದರು. ಮಾರನೆಯ ದಿನ ಬೆಳಗ್ಗೆ ಕಾಫಿ ಕುಡಿಯುತ್ತಾ, "ಇಲ್ಲಿ ಹೊಳೆ ಎಲ್ಲೈತೆ?" ಅಂದರು. ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ, ಊರಿಂದ ಬಂದ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ.

ಬೈಕಿನಲ್ಲಿ ಮುಂಢವಾ ಸೇತುವೆಗೆ ಕರೆದುಕೊಂಡು ಹೋದೆ. ಊರಿನ ನಡುವೆ ಮೂಳಾ, ಮುಠಾ ಎರಡೂ ಕೂಡಿ ಮೂಳಾ-ಮುಠಾ ಆಗಿ ಹಡಪಸರದ ಬಡಗಣ ಅಂಚಿನಲ್ಲಿ ಪೂರ್ವಕ್ಕೆ ಹರಿಯುವ ನೀರು ಅದು. ಅಂತರಗಂಗೆ ದಂಡೆಯಿಂದ ದಂಡೆಗೆ ಹಬ್ಬಿತ್ತು. ವಾಸನೆಗೆ ನಾನು ಮೂಗು ಮುಚ್ಚಿಕೊಂಡೆ. ದೊಡ್ಡಪ್ಪ ಕಂಬಿಗೆ ಒರಗಿ ಬಹಳ ಹೊತ್ತು ನೋಡಿದರು. "ಇದ್ರೊಳಗೆ ಮೊದ್ಲು ಯಾವ ಮೀನಿತ್ತಪ್ಪ?" ಅಂದರು.

ದೊಡ್ಡಪ್ಪ ಹಾಗೆ ಕೇಳುವುದಕ್ಕೆ ಕಾರಣವಿದೆ. ನಮ್ಮದು ಮಳವಳ್ಳಿ ತಾಲ್ಲೂಕು, ಮುತ್ತತ್ತಿ ಕಡೆ, ಕಾವೇರಿ ಬೆಟ್ಟಗಳ ನಡುವೆ ಇಕ್ಕಟ್ಟಾಗಿ ಬಂಡೆಯಿಂದ ಬಂಡೆಗೆ ಧುಮುಕುವ ಜಾಗ. ಭೀಮೇಶ್ವರಿ ಆಸುಪಾಸಿನ ಗಾಳದ ಕ್ಯಾಂಪೊಂದರಲ್ಲಿ ಅವರು ಇಪ್ಪತ್ತು ವರ್ಷ ದೊರೆಗಳಿಗೆ ತೆಪ್ಪ ಹಾಕಿದವರು. ದೊರೆ ಎಂದರೆ ಇಂಗ್ಲೆಂಡು, ಜರ್ಮನಿಯಿಂದ ರಜಾ ಹಾಕಿ, ಸಾವಿರಾರು ರೂಪಾಯಿ ಕೊಟ್ಟು ಬಂದು, ಮೂರು ದಿನ ಬಿಸಿಲಲ್ಲಿ ಕೂತು, ಸಿಕ್ಕಿದ ಮೀನನ್ನು ತೂಗಿ ಫೋಟೋ ತೆಗೆಸಿಕೊಂಡು ಮತ್ತೆ ನೀರಿಗೇ ಬಿಡುವವರು. ಊರಲ್ಲಿ ಮೊದಮೊದಲು ಅವರನ್ನು ತಲೆ ಕೆಟ್ಟವರು ಅಂದುಕೊಂಡಿದ್ದರಂತೆ. ಆ ಮೀನೇ ಬಿಳಿಮೀನು, ಹೊರಗಿನವರ ಮಹಶೀರ್.

ಆ ಸಂಜೆ ಮನೆಗೆ ಬಂದು ಹುಡುಕಲು ಕೂತೆ. ಸಿಕ್ಕಿದ ಉತ್ತರ ನನ್ನನ್ನು ಎರಡು ತಿಂಗಳು ಓದಿಸಿತು.

ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್ ಎಂಬ ಕಂಪನಿ ಸರ್ಕಾರದ ಸೇನಾಧಿಕಾರಿಯನ್ನು 1824ರಲ್ಲಿ ಮುಂಬಯಿ ಸರ್ಕಾರ ದಖ್ಖನಿನ ಅಂಕಿಅಂಶ ಸಂಗ್ರಹಿಸಲು ನೇಮಿಸಿತು. ಹೊಲ, ಬೆಳೆ, ಜನಸಂಖ್ಯೆ ಲೆಕ್ಕ ಹಾಕುತ್ತಲೇ ಆತ ಹಕ್ಕಿ, ಪ್ರಾಣಿ, ಮೀನುಗಳನ್ನೂ ಬರೆದಿಟ್ಟುಕೊಂಡ. ದಖ್ಖನಿನ ಮೀನುಗಳ ಬಗ್ಗೆ ಆತ ಬರೆದದ್ದು 1839ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದಿಂದ ಅಚ್ಚಾಯಿತು. ಅದರಲ್ಲಿ 'ಬಾರ್ಬಸ್ ಖುಡ್ರೀ' ಎಂದು ಒಂದು ಮೀನಿದೆ. ಸಿಕ್ಕಿದ ಜಾಗ: ಪುಣೆಯ ಪೂರ್ವಕ್ಕೆ, 'ಮೋಟಾ ಮೋಲಾ' ನದಿ. ಅಂದರೆ ಮೂಳಾ-ಮುಠಾ. ಅಂದರೆ ನಾವು ನಿಂತು ಮೂಗು ಮುಚ್ಚಿಕೊಂಡ ನೀರಿನ ಸಾಲೇ. ದಖ್ಖನ್ ಮಹಶೀರ್ ಎಂದು ಇವತ್ತು ಕರೆಯುವ 'ಟೋರ್ ಖುಡ್ರೀ' ಜಾತಿಗೆ ಜಗತ್ತಿನ ಪುಸ್ತಕಗಳಲ್ಲಿ ಹುಟ್ಟೂರು ಇದೇ. ಸೈಕ್ಸ್‌ನಲ್ಲಿ ನನಗೆ ಹಿಡಿಸಿದ ಒಂದು ಗುಣವೆಂದರೆ ಆತ ತನ್ನ ಮೇಲಧಿಕಾರಿಗಳ ಹೆಸರನ್ನು ಮೀನಿಗೆ ಅಂಟಿಸಲಿಲ್ಲ. ಖುಡ್ರೀ, ಮುಸುಲ್ಲಾ ಎಂದು ಇಲ್ಲಿನ ಬೆಸ್ತರ ಬಾಯಲ್ಲಿದ್ದುದನ್ನೇ ಲ್ಯಾಟಿನ್ ಪಕ್ಕದಲ್ಲಿ ಕೂರಿಸಿದ.

ಗಾಳದ ಮೋಜು ಬಿಳಿಯರು ತಂದದ್ದು ಎಂದು ನಾನೂ ನಂಬಿದ್ದೆ. ಅದು ತಪ್ಪು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, ನಮ್ಮ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಕೂತು 1129ರ ಹೊತ್ತಿಗೆ ಬರೆಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂದೇ ಒಂದು ಭಾಗವಿದೆ. ಮೂವತ್ತೈದು ಬಗೆಯ ಮೀನುಗಳು, ಯಾವುದು ಏನು ತಿನ್ನುತ್ತದೆ, ಯಾವುದಕ್ಕೆ ಎಂಥ ಎರೆ, ದಾರ, ಗಾಳ ಹೇಗಿರಬೇಕು ಎಂಬ ವಿವರಗಳು. ಹೊಟ್ಟೆಪಾಡಿಗಲ್ಲ, ಅರಸನ ವಿನೋದಕ್ಕೆ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಈ ಭಾಗದ ಮೇಲೆ ಲೇಖನ ಬರೆದ ಮೇಲೆ ಇದು ವಿಜ್ಞಾನಿಗಳ ಕಣ್ಣಿಗೆ ಬಿತ್ತು. ದೊಡ್ಡಪ್ಪನಿಗೆ ಹೇಳಿದರೆ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಕೆಲ್ಸ ಇಲ್ದಿರೋ ದೊರೆಗೋಳು ಆಗ್ಲೂ ಇದ್ರು ಅನ್ನು."

ಬ್ರಿಟಿಷರ ಕಾಲದ ಗಾಳದ ಬೈಬಲ್ಲೂ ಕನ್ನಡ ನೆಲದಲ್ಲೇ ಹುಟ್ಟಿತು. ಮದರಾಸು ಸಿವಿಲ್ ಸರ್ವೀಸಿನ ಹೆನ್ರಿ ಸಲಿವನ್ ಥಾಮಸ್ ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದಾಗ ಘಟ್ಟದ ಹೊಳೆಗಳನ್ನು ಗಾಳದ ಕೋಲು ಹಿಡಿದು ಅಲೆದು, 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಬರೆದ. ಅಚ್ಚಾದದ್ದು ಮಂಗಳೂರಿನಲ್ಲಿ. ಮೋಜುಗಾರನೇನೋ ಹೌದು, ಆದರೆ ಹೊಳೆಗೆ ವಿಷ ಹಾಕುವುದು, ಮರಿಗಳೂ ನುಸುಳಲಾಗದ ಸಣ್ಣ ಕಣ್ಣಿನ ಬಲೆ ಬಿಡುವುದು ನಿಲ್ಲಬೇಕು ಎಂದು ಸರ್ಕಾರಕ್ಕೆ ವರದಿ ಬರೆದವನೂ ಅವನೇ. ಹಳ್ಳಿಯವರ ಬಲೆಯಷ್ಟೇ ಅವನ ಕಣ್ಣಿಗೆ ಚುಚ್ಚಿತು ಅನ್ನಬಹುದು. ಆದರೂ ಅವನು ಹೇಳಿದ್ದು ಸುಳ್ಳಲ್ಲ.

ಕಾವೇರಿಯ ದಾಖಲೆಗಳು ಆಮೇಲಿನವು. 1919ರ ಡಿಸೆಂಬರಿನಲ್ಲಿ ಕರ್ನಲ್ ರಿವೆಟ್-ಕಾರ್ನಾಕ್ ಕಾವೇರಿಯಲ್ಲಿ 119 ಪೌಂಡಿನ ಮಹಶೀರ್ ಹಿಡಿದ. 1946ರ ಮಾರ್ಚಿಯಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದ ಡಿ ವೆಟ್ ವಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನದನ್ನು ಎಳೆದ. ಸತ್ತ ಹುಲಿಗಳನ್ನು ಹದ ಮಾಡಿ ನಿಲ್ಲಿಸುತ್ತಿದ್ದ ಪ್ರಸಿದ್ಧ ಮನೆತನ ಅದು. ಐವತ್ತನಾಲ್ಕು ಕಿಲೋ ಮೀನು, ಒಬ್ಬ ತೆಳ್ಳನೆಯ ಗಂಡಸಿನ ತೂಕ.

ಸ್ವಾತಂತ್ರ್ಯದ ನಂತರ ಈ ಮೀನನ್ನು ದೊರೆಗಳೂ ಮರೆತರು. ಕನ್ನಂಬಾಡಿ, ಮೆಟ್ಟೂರು ಕಟ್ಟೆಗಳು ಎದ್ದಾಗಿತ್ತು, ಮೊಟ್ಟೆಯಿಡಲು ಮೇಲಕ್ಕೆ ಹತ್ತುವ ಮೀನಿಗೆ ದಾರಿ ತುಂಡಾಗಿತ್ತು. ನಡುವಿನ ಮಡುಗಳಲ್ಲಿ ನಮ್ಮವರೇ ಮದ್ದು ಹಾಕುತ್ತಿದ್ದರು. ದೊಡ್ಡಪ್ಪ ಇದನ್ನು ಮುಚ್ಚಿಡುವವರಲ್ಲ. "ಕ್ವಾರಿಯಿಂದ ಮದ್ದು ತರೋದು, ಬತ್ತಿ ಹಚ್ಚಿ ಮಡುವಿಗೆ ಎಸೆಯೋದು. ತೇಲಿದ್ದರಲ್ಲಿ ಕಾಲುಪಾಲು ಸಿಗ್ತಿತ್ತು, ಮಿಕ್ಕಿದ್ದು ತಳಕ್ಕೆ ಹೋಯ್ತಿತ್ತು." ಅವರ ಜೊತೆಗಾರರೊಬ್ಬರ ಬಲಗೈಯಲ್ಲಿ ಮೂರೇ ಬೆರಳು.

1977ರಲ್ಲಿ ಇಂಗ್ಲೆಂಡಿನ ಮೂವರು ಹುಡುಗರು ಟ್ರಾನ್ಸ್ ವರ್ಲ್ಡ್ ಫಿಶಿಂಗ್ ಟೀಮ್ ಎಂದು ಹೆಸರಿಟ್ಟುಕೊಂಡು ಭಾರತಕ್ಕೆ ಬಂದರು. ಮುಗಿದುಹೋಯಿತು ಎಂದುಕೊಂಡಿದ್ದ ದೈತ್ಯ ಮೀನು ಕಾವೇರಿಯಲ್ಲಿ ಇನ್ನೂ ಇದೆ ಎಂದು ಹಿಡಿದು ತೋರಿಸಿದರು. ಅಲ್ಲಿಂದ ಶುರುವಾಯಿತು. 1972ರಲ್ಲೇ ಬೆಂಗಳೂರಿನಲ್ಲಿ ಹುಟ್ಟಿದ್ದ ದಕ್ಷಿಣ ಭಾರತ ವನ್ಯಜೀವಿ ಸಂಘ ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಇಟ್ಟಿತು. ಸರ್ಕಾರದ ಜಂಗಲ್ ಲಾಡ್ಜಸ್ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಕ್ಕಳಿಗಳಲ್ಲಿ ಕ್ಯಾಂಪು ತೆರೆಯಿತು. ಮದ್ದು ಹಾಕುತ್ತಿದ್ದವರಲ್ಲಿ ಎಷ್ಟೋ ಜನ ಕಾವಲುಗಾರರೂ ತೆಪ್ಪದವರೂ ಆದರು. ಮೀನು ಯಾವ ಬಂಡೆಯ ಮರೆಯಲ್ಲಿ ಮಲಗುತ್ತದೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಗಾಳಕ್ಕೆ ಹಾಕುತ್ತಿದ್ದುದು ಏನು ಗೊತ್ತೇ? ರಾಗಿ. ಲಂಡನ್ನಿನಿಂದ ತಂದ ರೀಲು, ಅದರ ತುದಿಯಲ್ಲಿ ನಮ್ಮ ರಾಗಿ ಉಂಡೆ. ಹಿಟ್ಟನ್ನು ಮಸಾಲೆ ಹಾಕಿ ಕಲಸಿ, ಉಂಡೆ ಕಟ್ಟಿ ಬೇಯಿಸಬೇಕು, ಹರಿವ ನೀರಿಗೆ ಕರಗಬಾರದು, ಮುಳ್ಳಿನ ತುದಿ ಚುಚ್ಚುವಷ್ಟು ಮೆತ್ತಗೂ ಇರಬೇಕು. ಆ ಹದದಲ್ಲಿ ದೊಡ್ಡಪ್ಪನದು ಎತ್ತಿದ ಕೈ. ದೊಡ್ಡಮ್ಮ ಈಗಲೂ, "ಮನೇಲಿ ಒಂದಿನ ಮುದ್ದೆ ತಿರುವಲಿಲ್ಲ, ಮೀನಿಗೆ ಮಾತ್ರ ಬೇಯ್ಸಿ ಬೇಯ್ಸಿ ಹಾಕ್ದ" ಅನ್ನುತ್ತಾರೆ. ಮೀನು ಕಚ್ಚಿದ ಮೇಲೆ ತೆಪ್ಪವನ್ನೇ ಎಳೆದುಕೊಂಡು ಸುಳಿಯಿಂದ ಸುಳಿಗೆ ಹೋಗುತ್ತಿತ್ತಂತೆ. ಒಮ್ಮೆ ಮಧ್ಯಾಹ್ನ ಕಚ್ಚಿದ್ದು ಹೊತ್ತು ಮುಳುಗಿದ ಮೇಲೆ ದಂಡೆಗೆ ಬಂತು. ಅದರ ಬೆನ್ನಿನ ಗೂನು, ಬಾಲದ ಕೆಂಬಣ್ಣ ವಿವರಿಸುವಾಗ ಅವರ ಎರಡೂ ಕೈ ತಾವಾಗಿಯೇ ಅಗಲವಾಗುತ್ತವೆ.

ಈಗ ಪುಣೆಯ ಕಥೆ ಕಾವೇರಿಗೆ ಸೇರುವ ಜಾಗ. ವಿದ್ಯುತ್ತಿಗಾಗಿ ಲೋಣಾವಳಾದಲ್ಲಿ ಕೆರೆ ಕಟ್ಟಿದ್ದ ಟಾಟಾ ಕಂಪನಿ, 1970ರ ದಶಕದಲ್ಲಿ ಅಲ್ಲಿನ ವಾಳವಣದಲ್ಲಿ ಮಹಶೀರ್ ಮರಿ ಮಾಡಿಸುವ ಕೇಂದ್ರ ನಡೆಸತೊಡಗಿತು. ಅಳಿಯುತ್ತಿರುವ ಮೀನನ್ನು ಉಳಿಸುವ ಒಳ್ಳೆಯ ಉದ್ದೇಶ, ಅನುಮಾನವಿಲ್ಲ. ಅಲ್ಲಿ ಹುಟ್ಟಿದ್ದು ಇಲ್ಲಿನ ಮೀನು, ಸೈಕ್ಸನ ಖುಡ್ರೀ. ಲಕ್ಷಗಟ್ಟಲೆ ಮರಿಗಳು ದೇಶದ ಬೇರೆ ಬೇರೆ ನದಿಗಳಿಗೆ ಹೋದವು. ಕಾವೇರಿಗೂ ಬಂದವು. ಮಹಶೀರ್ ಅಂದರೆ ಮಹಶೀರ್ ತಾನೆ ಎಂದು ಎಲ್ಲರೂ ಅಂದುಕೊಂಡರು, ಸಂಘದವರು, ಇಲಾಖೆಯವರು, ದೊರೆಗಳು. ಆ ಮರಿಗಳ ರೆಕ್ಕೆ ನೀಲಿ, ಬೆನ್ನಿಗೆ ಗೂನಿಲ್ಲ.

ಗಾಲಿಬೋರೆ ಕ್ಯಾಂಪಿನಲ್ಲಿ ಯಾರು ಎಷ್ಟು ಹೊತ್ತು ಗಾಳ ಹಾಕಿದರು, ಯಾವ ಬಗೆಯ, ಎಷ್ಟು ತೂಕದ ಮೀನು ಸಿಕ್ಕಿತು ಎಂದು ದಿನವೂ ಪುಸ್ತಕದಲ್ಲಿ ಬರೆಯುತ್ತಿದ್ದರು. 1998ರಿಂದ 2012ರವರೆಗಿನ ಆ ಪುಸ್ತಕಗಳನ್ನು ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ಕೂತು ಲೆಕ್ಕ ಹಾಕಿದರು: 23,620 ಗಂಟೆಗಳ ಗಾಳ, 6,161 ಮೀನು. ನೀಲಿ ರೆಕ್ಕೆಯವು ವರ್ಷದಿಂದ ವರ್ಷಕ್ಕೆ ಏರಿವೆ, ಗೂನುಬೆನ್ನಿನವು ಇಳಿದಿವೆ. ಇನ್ನೊಂದು ಸಂಗತಿ ಇದೆ, ಅದು ನನ್ನನ್ನು ಹೆಚ್ಚು ಕಾಡಿತು. ಸಿಕ್ಕಿದ ಕೆಲವೇ ಗೂನುಬೆನ್ನಿನವುಗಳ ತೂಕ ಹೆಚ್ಚುತ್ತಾ ಹೋಗಿದೆ. ದೊಡ್ಡ ಮೀನು, ದೊಡ್ಡ ಫೋಟೋ, ಎಲ್ಲರಿಗೂ ಖುಷಿ. ಆದರೆ ಅದರ ಅರ್ಥ ಮರಿಗಳು ಬರುತ್ತಿಲ್ಲ, ಮುದುಕರು ಮಾತ್ರ ಉಳಿದಿದ್ದಾರೆ ಎಂದು. ನಮ್ಮ ಹಳ್ಳಿಗಳ ಹಾಗೆ.

ಅಷ್ಟರಲ್ಲಿ ಕ್ಯಾಂಪುಗಳಲ್ಲಿ ಗಾಳ ನಿಂತಿತ್ತು. 1987ರಲ್ಲಿ ಕಾವೇರಿ ವನ್ಯಧಾಮವಾದ ಈ ಕಾಡಿನಲ್ಲಿ ಹಿಡಿದು ಬಿಡುವುದೂ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆಯೇ ಎಂದಾಯಿತು. 2012ರ ಹೊತ್ತಿಗೆ ಎಲ್ಲ ಮುಗಿಯಿತು. ಕಾನೂನಿನ ಅಕ್ಷರ ಹಾಗಿರಬಹುದು. ನನ್ನ ಅನಿಸಿಕೆ ಬೇರೆ. ಬಂದೂಕಿನಿಂದ ಹೊಡೆದ ಜಿಂಕೆ ಮತ್ತೆ ಕಾಡಿಗೆ ಓಡುವುದಿಲ್ಲ, ಗಾಳಕ್ಕೆ ಸಿಕ್ಕ ಮೀನು ಮತ್ತೆ ಮಡುವಿಗೆ ಹೋಗುತ್ತಿತ್ತು. ನಿಂತದ್ದು ಗಾಳ ಮಾತ್ರವಲ್ಲ. ಬರೆದಿಡುವ ಪುಸ್ತಕ ನಿಂತಿತು, ನದಿಯುದ್ದಕ್ಕೂ ಹಗಲಿರುಳು ಇದ್ದ ಕಣ್ಣುಗಳು ಹೋದವು. ದೊಡ್ಡಪ್ಪನಿಗೆ ಆಗ ಐವತ್ತೆಂಟು. ಮೂರು ವರ್ಷ ರೇಷ್ಮೆ ಮಾಡಿದರು, ಕೈ ಹತ್ತಲಿಲ್ಲ. ಅವರ ಮಗ ಬೆಂಗಳೂರಿಗೆ ಹೋದ, ನಾನು ಮೊದಲೇ ಇಲ್ಲಿಗೆ ಬಂದಿದ್ದೆ.

ಗೂನುಬೆನ್ನಿನ ಮೀನಿಗೆ ಇನ್ನೊಂದು ಪೀಡೆ ಇತ್ತು, ಹೆಸರಿನದು. ಬಹಳ ಕಾಲ ಅದನ್ನು 'ಟೋರ್ ಮುಸುಲ್ಲಾ' ಎನ್ನುತ್ತಿದ್ದರು. ಅದೂ ಸೈಕ್ಸ್ ಇಟ್ಟ ಹೆಸರು, ಇದೇ ಪುಣೆ ಜಿಲ್ಲೆಯ ಶಿರೂರಿನ ಘೋಡ್ ನದಿಯ ಮೀನಿಗೆ. ಆಮೇಲೆ ನೋಡಿದರೆ ಸೈಕ್ಸ್ ಕಂಡ ಮೀನು ಮಹಶೀರೇ ಅಲ್ಲ, ಬೇರೆ ಕುಲದ್ದು ಎಂದು ತೀರ್ಮಾನವಾಯಿತು. ಹಾಗಾಗಿ ಕಾವೇರಿಯ ಅತಿ ದೊಡ್ಡ ಮೀನು ಶಾಸ್ತ್ರದಲ್ಲಿ ಹೆಸರಿಲ್ಲದೆ ನಿಂತಿತು. ಹೆಸರಿಲ್ಲದ್ದನ್ನು ಐಯುಸಿಎನ್‌ನ ಕೆಂಪು ಪಟ್ಟಿಗೆ ಸೇರಿಸುವುದು ಹೇಗೆ? ರೇಷನ್ ಕಾರ್ಡಿಲ್ಲದವನ ಹಸಿವಿನ ಹಾಗೆ. 2018ರ ಜೂನಿನಲ್ಲಿ ಗಂಟು ಬಿಡಿಸಿದವರು ಪಿಂಡರ್, ರಾಘವನ್ ಮತ್ತವರ ಸಂಗಡಿಗರು. ಅವರಲ್ಲಿ ನಮ್ಮ ಪುಣೆಯ ನೀಲೇಶ್ ದಹಾಣೂಕರ್ ಕೂಡ ಒಬ್ಬರು. ಕರ್ನಾಟಕ-ತಮಿಳುನಾಡು ಗಡಿಯ ಮೋಯಾರ್ ಹೊಳೆಯಲ್ಲಿ ಸಿಕ್ಕ ಮೀನುಗಳನ್ನು ಪರೀಕ್ಷಿಸಿ, ಇದು ಕೇರಳದ ಪಾಂಬಾರಿನಿಂದ ಮೊದಲೇ ವರ್ಣಿಸಿದ್ದ 'ಟೋರ್ ರೆಮಾದೇವಿ' ಎಂದು ತೋರಿಸಿದರು. ಪಾಂಬಾರ್ ಕೂಡ ಕೊನೆಗೆ ಕಾವೇರಿಯ ನೀರೇ. ಹೆಸರು ಪ್ರಾಣಿಶಾಸ್ತ್ರಜ್ಞೆ ರೆಮಾದೇವಿ ಅವರದು. ಅದೇ ವರ್ಷ ಅದು ಅತಿ ಗಂಭೀರ ಅಪಾಯದ ಪಟ್ಟಿಗೆ ಸೇರಿತು.

ಇದೆಲ್ಲ ಒಂದು ರಾತ್ರಿ ಊಟವಾದ ಮೇಲೆ ದೊಡ್ಡಪ್ಪನಿಗೆ ಹೇಳಿದೆ. ಲ್ಯಾಪ್‌ಟಾಪಿನಲ್ಲಿ ಎರಡೂ ಮೀನಿನ ಚಿತ್ರ ತೋರಿಸಿದೆ. ನೀಲಿ ರೆಕ್ಕೆಯದರ ಮೇಲೆ ಬೆರಳಿಟ್ಟು, "ಇದು ನಮ್ಮದಲ್ಲ ಅಂತ ನಾವು ಆಗ್ಲೇ ಹೇಳಿದ್ವಿ. ಬಿಳಿಮೀನಿನ ಏಟೇ ಬೇರೆ, ಕೋಲು ಹಿಡಿದ ಕೈಗೆ ಗೊತ್ತಾಗ್ತದೆ. ಯಾರು ಕೇಳ್ತಾರೆ?" ಅಂದರು. ಅದು ಇದೇ ಊರಿನ ಹೊಳೆಯ ಮೀನು, ಲೋಣಾವಳಾದಿಂದ ಹೋದದ್ದು ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅದ್ರದ್ದೇನು ತಪ್ಪು ಬಿಡು. ತಂದು ಬಿಟ್ರು, ಬದುಕ್ತು. ತನ್ನೂರಲ್ಲಂತೂ ಬದುಕೋ ಹಂಗಿಲ್ಲ, ನಾನೇ ನೋಡಿದ್ನಲ್ಲ" ಅಂದು ಮಲಗಲು ಹೋದರು.

ಹೊರಡುವ ಮುನ್ನ ಇನ್ನೊಮ್ಮೆ ಸೇತುವೆಗೆ ಹೋಗಬೇಕೆಂದರು. ಈ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಭೀಮೆಗೆ, ಉಜನಿ, ಪಂಢರಪುರ ದಾಟಿ ನಮ್ಮ ಗಾಣಗಾಪುರದ ಮೇಲೆ ರಾಯಚೂರಿನ ಹತ್ತಿರ ಕೃಷ್ಣೆಗೆ ಎಂದೆ. "ಇದೇ ನೀರಾ?" ಅಂದರು.

ಕಳೆದ ತಿಂಗಳು ಫೋನ್ ಮಾಡಿದ್ದರು. ಹೊಳೆ ಬೇಸಿಗೆಗೆ ಇಳಿದಿದೆ. ಕೆಳಗಿನ ಮಡುವಿನಲ್ಲಿ ಒಬ್ಬ ಹುಡುಗನ ಬಲೆಗೆ ಒಂದು ಮೊಳದ ಮೀನು ಬಿತ್ತಂತೆ, ಬಾಲ ಕೆಂಪಗಿತ್ತಂತೆ, ಬೆನ್ನಲ್ಲಿ ಗೂನು ಏಳುವ ಹಾಗಿತ್ತಂತೆ. ಮರಿ! ಫೋಟೋ ತೆಗೆದರಾ ಎಂದು ಕೇಳಿದೆ. ಫೋನು ಮನೆಯಲ್ಲಿ ಚಾರ್ಜಿಗೆ ಹಾಕಿದ್ದರಂತೆ. ಹುಡುಗನ ಕೈಗೆ ಇನ್ನೂರು ರೂಪಾಯಿ ಕೊಟ್ಟು ಮೀನನ್ನು ನೀರಿಗೆ ಬಿಡಿಸಿದರಂತೆ. "ಹೋಗೋವಾಗ ಬಾಲದಲ್ಲಿ ಮಖಕ್ಕೆ ನೀರು ಎರಚಿ ಹೋಯ್ತು ಕಣ್ಲಾ," ಅಂದರು.