ಜಪಾನಿನ ಯೇಸುಸಭೆಯವರೂ ಕಾಂಜಿ ಲಿಪಿಯ ಅಧ್ಯಯನವೂ

ಪರನಾಡಿನಲ್ಲಿ ಸುವಾರ್ತೆಯನ್ನು ಸಾರಹೊರಟವರು ಮೊದಲು ಮಾತನ್ನು ಕಲಿಯಬೇಕೋ ಲಿಪಿಯನ್ನೋ? ಜಪಾನೀ ಭಾಷೆಯಲ್ಲಿ ಈ ಪ್ರಶ್ನೆ ವಿಶೇಷವಾಗಿ ಜಟಿಲವಾದುದು. ಉಚ್ಚಾರವನ್ನು ತೋರಿಸುವ ಕಾನಾ ಅಕ್ಷರಗಳ ಜೊತೆಗೆ, ಚೀನಾದಿಂದ ಬಂದು ಅರ್ಥವನ್ನೇ ಸೂಚಿಸುವ ಸಾವಿರಾರು ಕಾಂಜಿ ಅಕ್ಷರಗಳು ಅಲ್ಲಿ ಬಳಕೆಯಲ್ಲಿವೆ. ಅವುಗಳನ್ನು ಯಾವಾಗ ಕಲಿಯಬೇಕೆಂಬುದಕ್ಕೆ ಧರ್ಮಸಭೆಯ ಚರಿತ್ರೆಯಿಂದ ನಾವು ಉತ್ತರವನ್ನು ಪಡೆಯಬಹುದು.

ಸಂತ ಫ್ರಾನ್ಸಿಸ್ ಝೇವಿಯರ್ 1549ರಲ್ಲಿ ಕಾಗೋಶಿಮಾ ತಲುಪಿದಾಗ ಅವರಿಗೆ ಆಧಾರವಾಗಿದ್ದವನು, 1548ರಲ್ಲಿ ಗೋವೆಯಲ್ಲಿ ಸ್ನಾನದೀಕ್ಷೆ ಪಡೆದಿದ್ದ ಅಂಜಿರೋ. ಅವನಿಗೆ ಬೌದ್ಧ ಗ್ರಂಥಗಳ ಪಾಂಡಿತ್ಯವಿರಲಿಲ್ಲ. ದೇವರನ್ನು ಹೆಸರಿಸಲು ಅವರು 'ದೈನಿಚಿ' ಎಂಬ ಪದವನ್ನು ಬಳಸಿದರು. 'ಮಹಾಸೂರ್ಯ' ಎಂಬರ್ಥದ ಆ ಎರಡು ಅಕ್ಷರಗಳು ಶಿಂಗೋನ್ ಪಂಥದ ವೈರೋಚನ ಬುದ್ಧನ ಹೆಸರು! ತಪ್ಪು ತಿಳಿದೊಡನೆ ಝೇವಿಯರರು ಅದನ್ನು ಕೈಬಿಟ್ಟು 'ದೇವುಸ್' ಎಂಬ ಪದವನ್ನೇ ಹಿಡಿದರು. ಕಿವಿಯನ್ನಷ್ಟೇ ನೆಚ್ಚಿದ ಬೋಧನೆಗೆ ಒದಗಬಹುದಾದ ಅಪಾಯವನ್ನು ನಾವಿಲ್ಲಿ ಕಾಣುತ್ತೇವೆ.

1590ರಲ್ಲಿ ವಲಿಗ್ನಾನೋ ಅವರು ಮುದ್ರಣಯಂತ್ರವನ್ನು ಜಪಾನಿಗೆ ತಂದರು. 1592ರಲ್ಲಿ ಅಮಾಕುಸಾದಲ್ಲಿ ಹೈಕೆ ವಂಶದ ಕಥೆಯು ಆಡುಮಾತಿಗೆ ಇಳಿದು, ಭಾಷೆ ಕಲಿಯುವವರಿಗಾಗಿ ರೋಮನ್ ಲಿಪಿಯಲ್ಲಿ ಅಚ್ಚಾಯಿತು. ಆರು ವರ್ಷಗಳ ಬಳಿಕ, 1598ರಲ್ಲಿ, 'ರಾಕುಯೋಶೂ' ಎಂಬ ಕಾಂಜಿ ನಿಘಂಟು ಹೊರಬಂದಿತು. ಅಕ್ಷರವನ್ನು ಅದರ ಚೀನೀ ಮೂಲದ ಉಚ್ಚಾರದಿಂದಲೂ, ಜಪಾನೀ ಪದದಿಂದಲೂ, ಆಕಾರದಿಂದಲೂ ಹುಡುಕಲು ಅದರಲ್ಲಿ ಮೂರು ಭಾಗಗಳಿದ್ದವು. ಮೊದಲ ಎರಡು ಮಾರ್ಗಗಳು ನಾಲಿಗೆಗೆ ಪರಿಚಿತವಾದುದರಿಂದ ಲಿಪಿಗೆ ಕರೆದೊಯ್ಯುತ್ತವೆ. ಮೂರನೆಯದು ಕಣ್ಣಿಗೆ ಬಿದ್ದ ಅಪರಿಚಿತ ಅಕ್ಷರಕ್ಕೆ ನೆರವಾಗುತ್ತದೆ.

ರೋಮನ್ ಲಿಪಿಯಷ್ಟೇ ಏಕೆ ಸಾಲದು? 'ಶಿನ್' ಎಂಬ ಒಂದೇ ಉಚ್ಚಾರವನ್ನು ಗಮನಿಸೋಣ. ಒಂದು ಕಾಂಜಿಯಲ್ಲಿ ಅದು ದೇವರು, ಇನ್ನೊಂದರಲ್ಲಿ ಹೃದಯ, ಮತ್ತೊಂದರಲ್ಲಿ ನಂಬಿಕೆ, ಬೇರೊಂದರಲ್ಲಿ ಸತ್ಯ. ದೈವಶಾಸ್ತ್ರದ ಮೂಲಪದಗಳೇ ಒಂದು ಧ್ವನಿಯಲ್ಲಿ ಕಲೆತುಹೋಗುವಾಗ ಅವನ್ನು ಬಿಡಿಸಿ ತೋರಿಸುವುದು ಲಿಪಿಯೇ. ಆದರೆ ಮಾತಿನ ಪರಿಚಯವಿಲ್ಲದವನಿಗೆ ಅವು ಬರಿಯ ಗೆರೆಗಳು, ನೆನಪಿನಲ್ಲಿ ನಿಲ್ಲಲಾರವು.

ಆದುದರಿಂದ ಕಾಂಜಿಯ ಕಾಲ ಮೊದಲ ದಿನವೂ ಅಲ್ಲ, ಭಾಷೆ ಪೂರ್ತಿ ಬಂದ ಮೇಲೂ ಅಲ್ಲ. ಕೆಲವು ನೂರು ಪದಗಳು ಕಿವಿಗೆ ಪರಿಚಿತವಾದೊಡನೆ, ಆ ಪದಗಳ ಅಕ್ಷರಗಳಿಂದಲೇ ಆರಂಭಿಸುವುದು ಯುಕ್ತವೆಂದು ನಮಗೆ ತೋರುತ್ತದೆ. ಅದಕ್ಕಿಂತ ತಡಮಾಡುವ ಬೋಧಕನು ದೇವರ ಹೆಸರನ್ನು ಸಹ ಅನ್ಯರ ಮಾತಿನ ಮೇಲೆಯೇ ನಂಬಬೇಕಾಗುತ್ತದೆ. ಅದರ ಬೆಲೆಯೇನೆಂಬುದನ್ನು ಝೇವಿಯರರ ಅನುಭವ ನಮಗೆ ತಿಳಿಸಿದೆ.