ಹಟ್ಟಿ-ಮಸ್ಕಿ ಸೀಮೆಯ ಕಪ್ಪು ಕಲ್ಲಿನ ವಯಸ್ಸು

ಲಿಂಗಸುಗೂರು ಸೀಮೆಯ ಇತಿಹಾಸವೆಂದರೆ ನಾವೆಲ್ಲರೂ ಮಸ್ಕಿಯ ಅಶೋಕ ಶಾಸನದಿಂದಲೇ ಆರಂಭಿಸುತ್ತೇವೆ. ತರಗತಿಯಲ್ಲಿ ನಾನೂ ಹಾಗೆಯೇ ಆರಂಭಿಸುತ್ತಿದ್ದೆ. ಆದರೆ 1915ರಲ್ಲಿ ಆ ಶಾಸನವನ್ನು ಕಂಡವರು ಲಿಪಿತಜ್ಞರಲ್ಲ. ಚಿನ್ನವನ್ನು ಅರಸಿ ಬಂದಿದ್ದ ಬೀಡನ್ ಎಂಬ ಗಣಿ ಇಂಜಿನಿಯರ್. ಅವರನ್ನು ಇಲ್ಲಿಗೆ ಕರೆತಂದ ಕಪ್ಪು ಕಲ್ಲಿಗೂ ಒಂದು ಚರಿತ್ರೆಯಿದೆ. ಅದು ಶಾಸನಕ್ಕಿಂತ ಹತ್ತು ಲಕ್ಷ ಪಟ್ಟು ಹಳೆಯದು.

ಹಟ್ಟಿಯಿಂದ ಮಸ್ಕಿಯವರೆಗೆ ಕೊಕ್ಕೆಯಂತೆ ಬಾಗಿದ ಒಂದು ಶಿಲಾಪಟ್ಟಿ ಹಬ್ಬಿದೆ. ಸುತ್ತಲೂ ಗ್ರಾನೈಟ್ ಜಾತಿಯ ಬಂಡೆಗಳು. ನಡುವೆ ಈ ಕಪ್ಪು-ಹಸಿರು ಕಲ್ಲು. ರಾಬರ್ಟ್ ಬ್ರೂಸ್ ಫೂಟ್ ಅವರು 1880ರ ದಶಕದಲ್ಲಿ ಇಂಥ ಶಿಲೆಗಳನ್ನು ಒಟ್ಟುಗೂಡಿಸಿ ‘ಧಾರವಾಡ’ ಎಂಬ ಹೆಸರಿಟ್ಟರು. ಇದರ ಬಹುಭಾಗವು ಮೂಲತಃ ಬಸಾಲ್ಟ್ ಲಾವಾ. ಕಾವು ಮತ್ತು ಒತ್ತಡಗಳಿಂದ ಬಳಿಕ ರೂಪಾಂತರಗೊಂಡಿದೆ.

ಆ ಲಾವಾ ಹರಿದದ್ದು ನೀರಿನೊಳಗೆ ಎಂದು ತಿಳಿಯುವುದು ಹೇಗೆ? ಕಾದ ಲಾವಾ ನೀರಿಗೆ ತಾಗಿದೊಡನೆ ಹೊರಮೈ ಗಟ್ಟಿಯಾಗಿ, ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿದಂತಹ ಆಕಾರ ತಾಳುತ್ತದೆ. ಈ ಪಟ್ಟಿಯಲ್ಲಿ ಅಲ್ಲಲ್ಲಿ ಅಂಥ ಗುರುತುಗಳಿವೆ. ಸ್ಪಷ್ಟವಾಗಿ ನೋಡಬೇಕೆನ್ನುವವರು ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋಗಬಹುದು. ಅಲ್ಲಿನ ದಿಂಬು ಲಾವಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿದೆ.

ಇನ್ನು ವಯಸ್ಸಿನ ಮಾತು. ಶಾಸನದ ಕಾಲವನ್ನು ಲಿಪಿಯೂ ಅರಸನ ಹೆಸರೂ ಹೇಳುತ್ತವೆ. ಕಲ್ಲಿಗೆ ಆ ಸೌಕರ್ಯವಿಲ್ಲ. ಆದ್ದರಿಂದ ವಿಜ್ಞಾನಿಗಳು ಜಿರ್ಕಾನ್ ಎಂಬ ಸಣ್ಣ ಹರಳನ್ನು ಆಶ್ರಯಿಸುತ್ತಾರೆ. ಅದರೊಳಗಿನ ಯುರೇನಿಯಂ ನಿಶ್ಚಿತ ಗತಿಯಲ್ಲಿ ಸೀಸವಾಗುತ್ತದೆ. ಎರಡರ ಪ್ರಮಾಣವನ್ನು ಅಳೆದರೆ ಕಾಲ ದೊರೆಯುತ್ತದೆ. ಬಸಾಲ್ಟಿನಲ್ಲಿ ಜಿರ್ಕಾನ್ ವಿರಳ. ಹೀಗಾಗಿ ಅದರೊಡನಿರುವ ತಿಳಿಬಣ್ಣದ ಜ್ವಾಲಾಮುಖಿ ಶಿಲೆಯನ್ನೂ ಪಟ್ಟಿಯೊಳಗೆ ನುಗ್ಗಿದ ಗ್ರಾನೈಟನ್ನೂ ಪರೀಕ್ಷಿಸುತ್ತಾರೆ. ನುಗ್ಗಿದ ಕಲ್ಲು ನುಗ್ಗಿಸಿಕೊಂಡ ಕಲ್ಲಿಗಿಂತ ಕಿರಿಯದು ಎಂಬುದು ಸರಳ ತರ್ಕ. ತಿಳಿಬಣ್ಣದ ಶಿಲೆಗೆ ಸುಮಾರು 258 ಕೋಟಿ ವರ್ಷ, ಕವಿತಾಳದ ಗ್ರಾನೈಟ್ ಜಾತಿಯ ಶಿಲೆಗೆ ಸುಮಾರು 254 ಕೋಟಿ ವರ್ಷ ಎಂದು ಲೆಕ್ಕ ದೊರೆತಿದೆ. ಬಸಾಲ್ಟಿನದು ಇನ್ನೂ ಹಿಂದಿನದು. ಸುಮಾರು 270 ಕೋಟಿ ವರ್ಷಗಳಷ್ಟು. ಬಿರುಕುಗಳಲ್ಲಿ ಬಿಸಿದ್ರವ ಹರಿದು ಚಿನ್ನ ನೆಲೆಗೊಂಡದ್ದು ಆನಂತರ.

ಇಂದಿನ ಸಾಗರತಳದ ಬಹುಪಾಲು 20 ಕೋಟಿ ವರ್ಷಕ್ಕಿಂತ ಕಿರಿಯದು. ಹಳೆಯದು ಭೂಗರ್ಭಕ್ಕೆ ಮರಳಿ ಇಳಿದುಹೋಗುತ್ತದೆ. ಆದ್ದರಿಂದ ಪುರಾತನ ಕಡಲಿನ ಸಾಕ್ಷ್ಯವನ್ನು ನೆಲದ ಮೇಲೆಯೇ ಹುಡುಕಬೇಕು. ನಮ್ಮ ಪಟ್ಟಿಯು ಸಾಗರತಳದ ತುಣುಕೋ, ದ್ವೀಪಮಾಲೆಯ ಜ್ವಾಲಾಮುಖಿಯೋ, ಆಳದಿಂದ ಉಕ್ಕಿದ ಲಾವಾದ ಪ್ರಸ್ಥಭೂಮಿಯೋ ಎಂಬ ವಿಷಯದಲ್ಲಿ ಪಂಡಿತರಲ್ಲಿ ಏಕಾಭಿಪ್ರಾಯವಿಲ್ಲ. ದಿಂಬಿನ ಗುರುತು ನೀರನ್ನು ಸಾರುತ್ತದೆಯೇ ಹೊರತು ಅದು ಯಾವ ಬಗೆಯ ಕಡಲೆಂದು ಹೇಳುವುದಿಲ್ಲ.

ಮಳೆಗಾಗಿ ಮುಗಿಲು ನೋಡುವ ನಮ್ಮ ಸೀಮೆಯ ಕಲ್ಲಿನಲ್ಲಿ ನೀರಿನ ನೆನಪು ಅಡಗಿದೆ. ಆದರೆ ಆ ಗುರುತು ಇರುವುದು ಕಲ್ಲಿನ ಆಕಾರದಲ್ಲಿ. ಒಡೆದು ಜಲ್ಲಿ ಮಾಡಿದರೆ ಅದು ಮತ್ತೆ ಸಿಗದು. ಊರಿಗೆ ಬಂದಾಗ ಮಕ್ಕಳಿಗೆ ಶಾಸನದ ಜೊತೆಗೆ ಈ ಕಲ್ಲನ್ನೂ ತೋರಿಸಿರಿ.