ಕವಿಯೂ ಚರಿತ್ರಕಾರರೂ ಆದ ಗೋವಿಂದ ಪೈಗಳು

ಕವಿಗೂ ಚರಿತ್ರಕಾರನಿಗೂ ಒಂದೇ ಮನೆಯಲ್ಲಿ ಒಕ್ಕಲಾಗದು ಎಂಬ ಮಾತು ಬಹುಕಾಲದಿಂದ ವಿದ್ವಜ್ಜನರ ಬಾಯಲ್ಲಿ ನಡೆದುಬಂದಿದೆ. ಕವಿಯು ಒಲಿದುದನ್ನು ಹಿಗ್ಗಿಸುವನು, ಚರಿತ್ರಕಾರನು ಹಿಗ್ಗಿದುದನ್ನು ಅಳೆದು ಕುಗ್ಗಿಸುವನು. ಒಬ್ಬನ ಕೈಯಲ್ಲಿ ವೀಣೆ, ಮತ್ತೊಬ್ಬನ ಕೈಯಲ್ಲಿ ತಕ್ಕಡಿ. ಇವೆರಡನ್ನೂ ಒಬ್ಬನೇ ಹಿಡಿದರೆ ಒಂದಲ್ಲ ಒಂದು ಜಾರಿ ಬೀಳುವುದು ಎಂಬುದೇ ಆ ಮಾತಿನ ಇಂಗಿತ. ಇದು ಎಲ್ಲಿಯವರೆಗೆ ನಿಜವೆಂಬುದನ್ನು ನಮ್ಮ ಊರಿನಲ್ಲೇ ಜನಿಸಿದ ಒಬ್ಬ ಮಹನೀಯರ ಬಾಳಿನಿಂದ ವಿಚಾರಿಸಿ ನೋಡುವುದು ಈ ಲೇಖನದ ಉದ್ದೇಶವು.

ಮೊದಲು ದೂರದ ಒಂದು ನಿದರ್ಶನ. ಯುರೋಪಿನ ಉತ್ತರಕ್ಕಿರುವ ಸ್ವೀಡನ್ ದೇಶದಲ್ಲಿ ೧೭೮೩ರಲ್ಲಿ ಎರಿಕ್ ಗುಸ್ತಾಫ್ ಯೇಯರ್ ಎಂಬವನು ಹುಟ್ಟಿದನು. ೧೮೦೯ರಲ್ಲಿ ಆ ದೇಶವು ಫಿನ್ಲೆಂಡನ್ನು ರಷ್ಯಕ್ಕೆ ಸೋತು ಖಿನ್ನವಾಗಿದ್ದ ಸಮಯ. ಈ ತರುಣನೂ ಅವನ ಗೆಳೆಯರೂ ೧೮೧೧ರಲ್ಲಿ ಒಂದು ಸಂಘವನ್ನು ಕಟ್ಟಿ, ಪತ್ರಿಕೆಯೊಂದನ್ನು ಹೊರಡಿಸಿ, ಪೂರ್ವಿಕರ ನೆನಪಿನಿಂದ ದೇಶದ ಎದೆಗೆ ಧೈರ್ಯ ತುಂಬಲೆಳಸಿದರು. ಯೇಯರನು ಪ್ರಾಚೀನ ಕಡಲಯೋಧನನ್ನೂ ಸ್ವತಂತ್ರನಾದ ಬೇಸಾಯಗಾರನನ್ನೂ ಕುರಿತು ಹಾಡು ಕಟ್ಟಿದನು; ಹಳ್ಳಿಗರ ಲಾವಣಿಗಳನ್ನು ಮಿತ್ರನೊಡನೆ ಸಂಗ್ರಹಿಸಿದನು; ಸ್ವತಃ ಸಂಗೀತಜ್ಞನಾಗಿದ್ದು ಅನೇಕ ಗೀತಗಳಿಗೆ ಮಾತು ರಾಗಗಳೆರಡನ್ನೂ ತಾನೇ ಹೊಂದಿಸಿದನು. ೧೮೧೭ರಲ್ಲಿ ಉಪ್ಸಾಲ ವಿಶ್ವವಿದ್ಯಾನಿಲಯದ ಇತಿಹಾಸಾಚಾರ್ಯನಾಗಿ, ೧೮೩೨ರಿಂದ ೧೮೩೬ರೊಳಗೆ ಸ್ವೀಡನ್ ಜನತೆಯ ಇತಿಹಾಸವನ್ನು ಮೂರು ಸಂಪುಟಗಳಲ್ಲಿ ಬರೆದನು. ೧೮೩೮ರಲ್ಲಿ, ತಾನು ಅದುವರೆಗೆ ಎತ್ತಿಹಿಡಿದಿದ್ದ ಸಂಪ್ರದಾಯಪಕ್ಷವನ್ನು ಬಹಿರಂಗವಾಗಿ ತೊರೆದು ಉದಾರಮತಕ್ಕೆ ಬಂದನು. ಹಳೆಯ ಸ್ನೇಹಿತರು ಇದನ್ನು ದ್ರೋಹವೆಂದರು. ಅವನು ಹಿಂಜರಿಯಲಿಲ್ಲ. ೧೮೪೭ರಲ್ಲಿ ತೀರಿಕೊಂಡನು.

ಈ ಸಂಗತಿಯನ್ನು ಓದುವಾಗ ನನ್ನ ಮನಸ್ಸು ಉಪ್ಸಾಲದಲ್ಲಿ ನಿಲ್ಲದೆ ಮಂಜೇಶ್ವರಕ್ಕೆ ಓಡಿತು. ಯೇಯರನು ಹುಟ್ಟಿದ ಸರಿಯಾಗಿ ನೂರನೆಯ ವರ್ಷದಲ್ಲಿ, ೧೮೮೩ನೆಯ ಮಾರ್ಚಿ ೨೩ರಂದು, ನಮ್ಮ ಮಂಜೇಶ್ವರದಲ್ಲಿ ಗೋವಿಂದ ಪೈಗಳು ಜನಿಸಿದರು. ತಂದೆ ಸಾಹುಕಾರ ತಿಮ್ಮಪ್ಪ ಪೈಗಳು, ತಾಯಿ ಮಂಜೇಶ್ವರದವರಾದ ದೇವಕಿಯಮ್ಮನವರು. ಮನೆಮಾತು ಕೊಂಕಣಿ, ಊರಮಾತು ತುಳು, ಬರಹದ ಮಾತು ಕನ್ನಡ. ಮಂಗಳೂರಿನಲ್ಲಿ ಪಂಜೆ ಮಂಗೇಶರಾಯರು ಅವರ ಗುರುಗಳಾಗಿದ್ದರು. ಉಚ್ಚಶಿಕ್ಷಣಕ್ಕಾಗಿ ಮದರಾಸಿಗೆ ಹೋದವರು ತಂದೆಯ ಅಸ್ವಾಸ್ಥ್ಯದ ದೆಸೆಯಿಂದ ಪದವಿಯನ್ನು ಪೂರೈಸದೆ ಮರಳಿದರು. ಮುಂದೆ ಮಂಜೇಶ್ವರದ ಮನೆಯೇ ಅವರ ವಿದ್ಯಾಪೀಠವಾಯಿತು. ಯೇಯರನಿಗೆ ದೊರೆತಂತಹ ಆಚಾರ್ಯಪೀಠ ಇವರಿಗಿರಲಿಲ್ಲ. ರಾಗಸಂಯೋಜನೆಯೂ ಇವರ ಕಾರ್ಯವಾಗಿರಲಿಲ್ಲ. ಆದರೆ ಕಾವ್ಯ, ಇತಿಹಾಸಗಳೆಂಬ ಎರಡು ಹೊರೆಗಳನ್ನು ಒಂದೇ ಹೆಗಲಮೇಲೆ ಹೊತ್ತ ವಿಷಯದಲ್ಲಿ ಇಬ್ಬರೂ ಸಮಾನಧರ್ಮಿಗಳೆಂದು ನನಗೆ ತೋರುತ್ತದೆ.

ಒಲಿದುದನ್ನು ಬಿಡುವ ಧೈರ್ಯ ಪೈಗಳಲ್ಲಿ ಮೊದಲು ಕಾಣಿಸಿಕೊಂಡುದು ಪದ್ಯದಲ್ಲಿಯೇ. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬುದು ಕನ್ನಡ ಕವಿಗಳು ಸಾವಿರ ವರ್ಷದಿಂದ ಪಾಲಿಸಿಕೊಂಡು ಬಂದ ಪ್ರಾಸನಿಯಮ. ಪಾಠಶಾಲೆಯಲ್ಲಿ ಛಂದಸ್ಸನ್ನು ಕಲಿತ ನಮ್ಮಂಥವರಿಗೆ ಅದು ಯಜ್ಞೋಪವೀತದಷ್ಟೇ ಪವಿತ್ರ. ಪೈಗಳು ೧೯೧೧ರಲ್ಲಿ ಅದನ್ನು ತೊರೆದರು. ಪ್ರಾಸವನ್ನು ನಿರ್ವಹಿಸಲಾರದೆ ತೊರೆದರೆಂದು ಯಾರೂ ಹೇಳುವಂತಿರಲಿಲ್ಲ. ಹಳಗನ್ನಡದ ಪದಸಂಪತ್ತು ಅವರಿಗೆ ಕರತಲಾಮಲಕವಾಗಿತ್ತು. ಪ್ರಾಸಕ್ಕಾಗಿ ಅರ್ಥವನ್ನು ಬಾಗಿಸುವುದು ಅವರಿಗೆ ಸಲ್ಲಲಿಲ್ಲ. ಆಕ್ಷೇಪಗಳು ಬಂದುವು. ಕಾಲಕ್ರಮದಲ್ಲಿ ಕನ್ನಡ ಕವಿಗಳೆಲ್ಲರೂ ಆ ಹಾದಿಯನ್ನೇ ಹಿಡಿದುದು ಈಗ ಸಾಹಿತ್ಯಚರಿತ್ರೆಯ ವಿಷಯ. ಅವರ ಮೊದಲ ಕವನಸಂಗ್ರಹವಾದ ‘ಗಿಳಿವಿಂಡು’ ೧೯೩೦ರಲ್ಲಿ ಪ್ರಕಟವಾಯಿತು.

ಮಾತಿಗಾಗಿ ಅರ್ಥವನ್ನು ಬಾಗಿಸದ ಈ ಶೀಲವೇ ಇತಿಹಾಸದಲ್ಲಿ, ಅಭಿಮಾನಕ್ಕಾಗಿ ಕಾಲವನ್ನು ಬಾಗಿಸದ ಶೀಲವಾಯಿತು. ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳದೆ ಮುಂದುವರಿಯುವುದು ನ್ಯಾಯವಲ್ಲ. ಅಧ್ಯಾಪಕನಾಗಿದ್ದ ಕಾಲದಲ್ಲಿ ಒಂದು ದೇವಾಲಯದ ಸ್ಮರಣಸಂಚಿಕೆಗಾಗಿ ಸ್ಥಳಚರಿತ್ರೆಯನ್ನು ಬರೆದುಕೊಟ್ಟಿದ್ದೆನು. ಗುಡಿಯು ಸಾವಿರ ವರ್ಷ ಹಳೆಯದೆಂದು ಊರವರು ಹೇಳಿದರು. ನಾನು ಹಾಗೆಯೇ ಬರೆದೆನು. ಪ್ರಾಕಾರದ ಗೋಡೆಯ ಬಳಿ ಸವೆದ ಶಾಸನಶಿಲೆಯೊಂದು ಒರಗಿತ್ತು. ಅದನ್ನು ಬಲ್ಲವರಿಂದ ಓದಿಸಬೇಕೆಂದು ನನಗೆ ತೋರಲಿಲ್ಲ. ಸಂಚಿಕೆ ಅಚ್ಚಾದ ಮೇಲೆ ನನ್ನ ಶಿಷ್ಯನೊಬ್ಬನು, “ಸಾವಿರವೆಂಬ ಲೆಕ್ಕ ಎಲ್ಲಿಂದ ಬಂತು ಗುರುಗಳೇ?” ಎಂದು ವಿನಯದಿಂದಲೇ ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ನಾನು ಮರಳಿ ತೆರೆದುದು ಪೈಗಳ ಸಂಶೋಧನಲೇಖನಗಳನ್ನು.

ಅವರು ಲೆಕ್ಕವನ್ನು ಹೇಗೆ ಮಾಡುತ್ತಿದ್ದರೆಂಬುದಕ್ಕೆ ಶ್ರವಣಬೆಳ್ಗೊಳದ ಗೊಮ್ಮಟನ ಉದಾಹರಣೆ ಸಾಕು. ಆ ಮೂರ್ತಿಯನ್ನು ಮಾಡಿಸಿದವನು ಗಂಗರ ಮಂತ್ರಿ ಚಾವುಂಡರಾಯನೆಂದು ಪಾದದೆಡೆಯ ಶಾಸನಗಳೇ ಸಾರುತ್ತವೆ. ಆದರೆ ಅವುಗಳಲ್ಲಿ ಕಾಲದ ಉಲ್ಲೇಖವಿಲ್ಲ. ಚಾವುಂಡರಾಯನು ೯೭೮ರಲ್ಲಿ ಮುಗಿಸಿದ ತನ್ನ ಪುರಾಣದಲ್ಲಿ ಈ ಮಹತ್ಕಾರ್ಯದ ಮಾತನ್ನೇ ಎತ್ತುವುದಿಲ್ಲ. ಆದುದರಿಂದ ಪ್ರತಿಷ್ಠೆಯು ಅದರ ತರುವಾಯದ್ದೆಂದು ಊಹಿಸಬೇಕಾಗುತ್ತದೆ. ಬಹುಕಾಲದ ಮೇಲೆ ರಚಿತವಾದ ಸಂಸ್ಕೃತ ಗ್ರಂಥವೊಂದರಲ್ಲಿ ಮಾತ್ರ ಪ್ರತಿಷ್ಠೆಯ ದಿನ ಬಂದಿದೆ: ಕಲ್ಕಿವರ್ಷ ಆರುನೂರು, ಚೈತ್ರ ಶುಕ್ಲ ಪಂಚಮಿ, ಭಾನುವಾರ, ಕುಂಭಲಗ್ನ. ಕಲ್ಕಿವರ್ಷವು ಎಂದಿನಿಂದ ಮೊದಲಾಗುತ್ತದೆಂಬುದೇ ವಿವಾದ. ಕೆಲವರು ೧೦೨೮ ಎಂದರು, ಮತ್ತೆ ಕೆಲವರು ಬೇರೆ ವರ್ಷಗಳನ್ನು ಸೂಚಿಸಿದರು. ಪೈಗಳು ತಿಥಿವಾರಗಳನ್ನು ಗಣಿತದಿಂದ ಪರೀಕ್ಷಿಸಿ ೯೮೧ನೆಯ ಮಾರ್ಚಿ ೧೩ ಎಂದು ನಿರ್ಣಯಿಸಿದರು. ಪಾಠಶಾಲೆಯಲ್ಲಿ ಕಲಿತ ಅಲ್ಪ ಜ್ಯೋತಿಷದಿಂದ ನಾನೂ ಎಣಿಸಿ ನೋಡಿದೆನು: ಆ ದಿನ ಶುಕ್ಲ ಪಂಚಮಿಯೂ ಭಾನುವಾರವೂ ಕೂಡಿಬರುತ್ತವೆ. ೧೯೮೧ರಲ್ಲಿ ಬೆಳ್ಗೊಳದಲ್ಲಿ ಸಹಸ್ರಾಬ್ದಿಯ ಮಹಾಮಸ್ತಕಾಭಿಷೇಕವು ನಡೆದಾಗ ಈ ಗಣಿತವನ್ನು ನೆನೆದವರು ಎಷ್ಟು ಮಂದಿಯೋ!

ವಾಚಕರು ಒಂದು ಅಂಶವನ್ನು ಗಮನಿಸಬೇಕು. ಕನ್ನಡ ತಾಯಿಯನ್ನು ಕುರಿತು ಪೈಗಳು ರಚಿಸಿದ, ಇಂದಿಗೂ ಸಭೆಗಳಲ್ಲಿ ಹಾಡುವ ಗೀತದಲ್ಲಿ ಹಳೆಯಬೀಡು, ಕಾರ್ಕಳಗಳೊಂದಿಗೆ ಬೆಳ್ಗೊಳದ ಹೆಸರೂ ಬರುತ್ತದೆ. ಗೀತದಲ್ಲಿ ಆ ಮೂರ್ತಿಯ ಮುಂದೆ ಕೈಮುಗಿದ ಕವಿಯೇ ಲೇಖನದಲ್ಲಿ ಅದರ ದಿನವನ್ನು ಹುಡುಕುತ್ತ ಕುಳಿತನು. ಇದರಲ್ಲಿ ವಿರೋಧವೇನಿದೆ? ಒಲವಿಲ್ಲದವನು ಒಂದು ಪಂಚಮಿಗಾಗಿ ಅಷ್ಟು ಎಣಿಕೆಯನ್ನು ಮಾಡನು. ಒಲವು ಪ್ರಶ್ನೆಯನ್ನು ಹುಟ್ಟಿಸಿತು. ಉತ್ತರವನ್ನು ಹೇಳುವ ಅಧಿಕಾರವನ್ನು ಮಾತ್ರ ಅವರು ಅದಕ್ಕೆ ಕೊಡದೆ ಗಣಿತಕ್ಕೆ ಕೊಟ್ಟರು.

ಇದೇ ಮನೋಧರ್ಮವು ತಿರುಗಿ ಅವರ ಕಾವ್ಯಕ್ಕೂ ಆಹಾರವಾಯಿತು. ಬುದ್ಧನ ನಿರ್ವಾಣಕಾಲವನ್ನು ವಿಮರ್ಶಿಸಿದ ಲೇಖಣಿಯೇ ಅವನ ಕೊನೆಯ ಹೊತ್ತನ್ನು ‘ವೈಶಾಖಿ’ಯಲ್ಲಿ ಚಿತ್ರಿಸಿತು. ಯೇಸುವಿನ ಕಡೆಯ ದಿನವು ‘ಗೊಲ್ಗೊಥಾ’ದ ವಸ್ತು. ಗಾಂಧೀಜಿಯವರ ಅಂತ್ಯವನ್ನು ಕುರಿತು ‘ದೆಹಲಿ’ ಎಂಬ ಕಾವ್ಯವನ್ನು ತೊಡಗಿದ್ದರು, ಅದು ಪೂರ್ತಿಯಾಗಲಿಲ್ಲ. ಮಹಾಪುರುಷರ ಸಮಗ್ರಜೀವನವನ್ನು ವರ್ಣಿಸುವುದನ್ನು ಬಿಟ್ಟು ಒಂದೇ ದಿನವನ್ನು ಆರಿಸಿಕೊಳ್ಳುವ ಈ ಪದ್ಧತಿಯು ತಿಥಿಯನ್ನು ಅರಸುವ ಚರಿತ್ರಕಾರನ ಅಭ್ಯಾಸವೇ ಅಲ್ಲವೆ? ಕೊಂಕಣಿ ಮನೆಯ ಒಬ್ಬ ಬ್ರಾಹ್ಮಣನು ಕ್ರಿಸ್ತನನ್ನೂ ಬುದ್ಧನನ್ನೂ ಗೊಮ್ಮಟನನ್ನೂ ಸಮಾನವಾದ ಆದರದಿಂದ ಕಂಡುದಕ್ಕೂ ಈ ಅಭ್ಯಾಸವೇ ಕಾರಣವೆಂದು ನಾನು ನಂಬಿರುವೆನು. ಲೆಕ್ಕವು ಮತವನ್ನು ಕೇಳುವುದಿಲ್ಲ.

ಅವರ ನಿರ್ಣಯಗಳೆಲ್ಲ ಅಚಲವಾಗಿ ನಿಂತಿವೆಯೆಂದು ಹೇಳುವುದು ಅವರಿಗೆ ಗೌರವವಲ್ಲ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತು ೧೯೦೩ರಲ್ಲಿ ಅಚ್ಚಾದ ಗ್ರೀಕ್ ಪ್ರಹಸನವೊಂದರಲ್ಲಿ ಅರ್ಥವಾಗದ ಪರಭಾಷೆಯ ಮಾತುಗಳಿವೆ. ಜರ್ಮನ್ ವಿದ್ವಾಂಸ ಹುಲ್ಟ್ಸ್ ಅವು ಕನ್ನಡವಿರಬಹುದೆಂದನು; ಶಾಮಶಾಸ್ತ್ರಿಗಳು ಆ ಪಕ್ಷವನ್ನು ಸಮರ್ಥಿಸಿದರು; ಪೈಗಳೂ ಅದನ್ನು ವಿಚಾರಿಸಿ ಕರಾವಳಿಯ ಸಂಬಂಧವನ್ನು ಅರಸಿದರು. ತರುವಾಯ ಅವು ತುಳುವೆಂದವರೂ, ಇವೆರಡೂ ಅಲ್ಲವೆಂದವರೂ ಇದ್ದಾರೆ. ಸ್ಥಳನಾಮಗಳ ನಿಷ್ಪತ್ತಿಯಲ್ಲಿ ಪೈಗಳ ಕೆಲವು ಊಹೆಗಳನ್ನು ಈಗಿನ ಪಂಡಿತರು ಒಪ್ಪುವುದಿಲ್ಲ. ಹೀಗಿದ್ದರೂ ಅವರು ಆಧಾರವನ್ನು ಎದುರಿಗಿಟ್ಟು ವಾದಿಸಿದ್ದರಿಂದಲೇ ಇಂದಿನವರು ಅವರನ್ನು ತಿದ್ದಲು ಶಕ್ತರಾದರು. ನನ್ನ ‘ಸಾವಿರ ವರ್ಷ’ವನ್ನು ಯಾರೂ ತಿದ್ದಲಾರರು, ಅದಕ್ಕೆ ಆಧಾರವೇ ಇಲ್ಲವಲ್ಲ!

ಬಾಳಿನಲ್ಲಿ ಅವರಿಗೆ ಸುಖವೊಂದೇ ಸಂದುದಲ್ಲ. ೧೯೨೭ರಲ್ಲಿ ಪತ್ನೀವಿಯೋಗವಾಯಿತು, ಮಕ್ಕಳಿರಲಿಲ್ಲ. ೧೯೪೯ರಲ್ಲಿ ಮದರಾಸು ಸರಕಾರವು ಅವರನ್ನು ರಾಷ್ಟ್ರಕವಿಯೆಂದು ಮನ್ನಿಸಿತು. ೧೯೫೧ರಲ್ಲಿ ಮುಂಬಯಿಯ ಸಾಹಿತ್ಯಸಮ್ಮೇಳನಕ್ಕೆ ಅಧ್ಯಕ್ಷರಾದರು. ಐದು ವರ್ಷಗಳ ಮೇಲೆ, ೧೯೫೬ನೆಯ ನವೆಂಬರ್ ೧ರಂದು, ಕನ್ನಡನಾಡು ಒಂದಾದ ಅದೇ ದಿನ ಮಂಜೇಶ್ವರವು ಕಾಸರಗೋಡಿನೊಂದಿಗೆ ಕೇರಳಕ್ಕೆ ಸೇರಿತು. ಕನ್ನಡಿಗರೆಲ್ಲರ ತಾಯಿಯನ್ನು ಹಾಡಿದ ಕವಿಯ ಮನೆಯೇ ಗಡಿಯಾಚೆಗಾಯಿತು. ಚಂದ್ರಗಿರಿಯ ಉತ್ತರದ ಪ್ರದೇಶವು ಕರ್ನಾಟಕಕ್ಕೆ ಸಲ್ಲಬೇಕೆಂದು ಮಹಾಜನ ಆಯೋಗವು ೧೯೬೭ರಲ್ಲಿ ಹೇಳಿದುದು ಕಾರ್ಯಗತವಾಗಲಿಲ್ಲ. ಹೇಳಿದಾಗ ಕೇಳಲು ಪೈಗಳಿರಲಿಲ್ಲ. ಅವರು ೧೯೬೩ನೆಯ ಸೆಪ್ಟೆಂಬರ್ ೬ರಂದೇ ದೈವಾಧೀನರಾಗಿದ್ದರು. ಅವರ ಗ್ರಂಥಭಂಡಾರವು ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಮಹಾವಿದ್ಯಾಲಯವನ್ನು ಸೇರಿತು. ಅವರ ಹೆಸರಿನ ಸಂಶೋಧನಕೇಂದ್ರವೂ ಅಲ್ಲಿದೆ.

ನಾಡನ್ನು ಪ್ರೀತಿಸುವವರಿಗೆ ಈ ಕಾಲದಲ್ಲಿ ಕೊರತೆಯಿಲ್ಲ. ಪ್ರತಿ ಗ್ರಾಮವೂ ತನ್ನ ಗುಡಿ ಎಲ್ಲಕ್ಕಿಂತ ಪುರಾತನವೆಂದು ಹೇಳಿಕೊಳ್ಳುವುದು. ನಮ್ಮಂಥವರು ಅದನ್ನು ಅಚ್ಚಿಗೆ ಕೊಡುವೆವು. ಮಕ್ಕಳು ಅದನ್ನೇ ನಿಜವೆಂದು ಕಲಿಯುವರು. ಗೋವಿಂದ ಪೈಗಳ ಬಾಳು ಪ್ರೀತಿಯನ್ನು ಬಿಡಬೇಕೆಂದು ನಮಗೆ ಹೇಳುವುದಿಲ್ಲ. ಪ್ರೀತಿಸುವವನೇ ಹೆಚ್ಚು ಎಚ್ಚರದಿಂದ ಅಳೆಯಬೇಕೆಂದು ಹೇಳುತ್ತದೆ. ವೀಣೆಯೂ ತಕ್ಕಡಿಯೂ ಒಂದೇ ಕೈಯಲ್ಲಿರಬಲ್ಲವು. ಆದರೆ ತೂಗುವ ಹೊತ್ತಿನಲ್ಲಿ ನುಡಿಸಬಾರದು.

ಆ ಶಾಸನಶಿಲೆಯನ್ನು ನಾನು ಕಳೆದ ವರ್ಷ ಲಿಪಿಜ್ಞರೊಬ್ಬರಿಂದ ಓದಿಸಿದೆನು. ಉಳಿದಿರುವ ಅಕ್ಷರಗಳು ಕಡಮೆ. ಲಿಪಿಯನ್ನು ನೋಡಿದರೆ ನಾಲ್ಕುನೂರು ವರ್ಷಕ್ಕಿಂತ ಹಿಂದಿನದಾಗಿರದು ಎಂದರು. ಊರವರಿಗೆ ಇದನ್ನು ತಿಳಿಸಿದಾಗ ಮೊದಲು ಮುಖ ಸಪ್ಪೆಯಾಯಿತು. ಬಳಿಕ ಹಿರಿಯರೊಬ್ಬರು, “ನಾಲ್ಕುನೂರಾದರೂ ನಮ್ಮದೇ ತಾನೆ?” ಎಂದರು. ಆ ಶಿಲೆಗೆ ಈಗ ಮಾಡು ಕಟ್ಟಿಸಿರುವರು.